ನಾಣ್ಯದ ಮೇಲೆ ನಿಂತ ಕಟ್ಟಡ: ಕಮರ್ಷಿಯಲ್ ಸ್ಟ್ರೀಟಿಗೆ ಬಂದ ಕೊಲೋಸಿಯಂ

ಬೆಂಗಳೂರು ಎಷ್ಟು ಹಳೆಯದು ಎಂಬ ಮಾತು ಬಂದ ಕೂಡಲೇ ನಾವು ಶಾಸನದ ಹುಚ್ಚಿನವರು ಎರಡು ಕಲ್ಲುಗಳ ಮುಂದೆ ಹೋಗಿ ನಿಲ್ಲುತ್ತೇವೆ. ಒಂದು, ಕ್ರಿ.ಶ. ಸುಮಾರು 750ರ ಹೆಬ್ಬಾಳದ ಕಿತ್ತಯ್ಯನ ಕಲ್ಲು. ಇನ್ನೊಂದು, ಸುಮಾರು 890ರ, ಬೆಂಗಳೂರಿನ ಕಾಳಗವನ್ನು ಹೆಸರಿಸುವ ಬೇಗೂರಿನ ವೀರಗಲ್ಲು. ಎರಡೂ ನಮ್ಮ ಹೆಮ್ಮೆ, ಸರಿಯೇ. ಆದರೆ ಕಿತ್ತಯ್ಯನ ಕಲ್ಲಿಗಿಂತ ಏಳು ನೂರು ವರ್ಷ ಹಿಂದೆ ಕೆತ್ತಿದ ಅಕ್ಷರಗಳೂ ಇದೇ ಊರಿನ ಮಣ್ಣಿನಿಂದ ಮೇಲೆ ಬಂದಿವೆ. ಅವು ಕನ್ನಡವಲ್ಲ, ಬ್ರಾಹ್ಮಿಯೂ ಅಲ್ಲ. ಲ್ಯಾಟಿನ್.

1891ರಲ್ಲಿ ಯಶವಂತಪುರದ ಹತ್ತಿರ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಊರಿನ ಪೂರ್ವಕ್ಕೆ, ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ, ಇನ್ನೂ ದೊಡ್ಡ ನಿಧಿ ಸಿಕ್ಕಿತು: 256 ನಾಣ್ಯಗಳು. ರೋಮಿನ ಈ ಬೆಳ್ಳಿ ನಾಣ್ಯಕ್ಕೆ ‘ದಿನಾರಿಯಸ್’ ಅಂತ ಹೆಸರು. ಆಗಸ್ಟಸ್, ಟೈಬೀರಿಯಸ್ ಮತ್ತು ಅವರ ನಂತರದ ಒಂದಿಬ್ಬರು ಚಕ್ರವರ್ತಿಗಳ ಕಾಲದವು ಇವು. ಅಂದರೆ ಕ್ರಿಸ್ತಶಕದ ಆರಂಭದ ಹಿಂದು ಮುಂದಿನ ಕೆಲವು ದಶಕಗಳು.

ಈ ಬರಹ ಆ ನಿಧಿಗಳ ಬಗ್ಗೆ ಅಷ್ಟೇ ಅಲ್ಲ. ಆ ನಿಧಿಗಳ ಹೆಸರು ಹೇಳಿಕೊಂಡು ಇವತ್ತು ಮಾರಾಟವಾಗುವ ನಾಣ್ಯಗಳ ಬಗ್ಗೆಯೂ ಹೌದು. ಅದರಲ್ಲೂ ಕಟ್ಟಡದ ಚಿತ್ರ ಇರುವ ರೋಮನ್ ನಾಣ್ಯಗಳ ಬಗ್ಗೆ.

ಹಿತ್ತಾಳೆಯ ಕೊಲೋಸಿಯಂ

ಹಲಸೂರಿನಲ್ಲಿ ನನಗೆ ಪರಿಚಯದ ಒಬ್ಬ ಹುಡುಗನಿದ್ದಾನೆ. ಓದಿದ್ದು ಇಂಜಿನಿಯರಿಂಗ್, ಕೆಲಸ ಇಂದಿರಾನಗರದ ಒಂದು ಕಚೇರಿಯಲ್ಲಿ. ಮೂರು ವರ್ಷದಿಂದ ಕಟ್ಟಡಗಳಿರುವ ನಾಣ್ಯಗಳನ್ನು ಕೂಡಿಸುತ್ತಿದ್ದಾನೆ. ದೇಗುಲ, ಕಮಾನು, ಸೇತುವೆ, ಬಂದರು, ಯಾವುದಾದರೂ ಸರಿ. ಒಂದು ಶನಿವಾರ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸಿಕ್ಕಿ, ಕರ್ಚೀಫಿನಲ್ಲಿ ಸುತ್ತಿದ್ದ ದಪ್ಪ ನಾಣ್ಯವೊಂದನ್ನು ನನ್ನ ಅಂಗೈಗೆ ಹಾಕಿದ.

“ಸಾರ್, ಇದು ಕೊಲೋಸಿಯಂ. ಕೆ.ಆರ್. ಪುರಂ ಕಡೆ ಪಾಯ ತೆಗೀವಾಗ ಸಿಕ್ಕಿದ್ದಂತೆ. ಎಚ್.ಎ.ಎಲ್. ನಿಧಿ ಸಿಕ್ಕಿದ್ದೂ ಆ ದಿಕ್ಕಿನಲ್ಲೇ ಅಲ್ವಾ? ಮುಂದಿನ ತಿಂಗಳು ನಮ್ಮ ಬಡಾವಣೆಯ ಕಾರ್ಯಕ್ರಮದಲ್ಲಿ ಇದನ್ನೇ ಇಡ್ತೀನಿ. ‘ಬೆಂಗಳೂರಿಗೆ ಬಂದ ಕೊಲೋಸಿಯಂ’ ಅಂತ ಫಲಕವೂ ಬರೆಸಿದೀನಿ.”

ಮಾರಿದವನು ಯಾರೋ ಕೈಯಲ್ಲಿ ಹಿಡಿದು ಮಾರುವ ಮನುಷ್ಯ, ಅಂಗಡಿ ಗಿಂಗಡಿ ಏನಿಲ್ಲ. ಕೊಟ್ಟ ದುಡ್ಡು ಮಾತ್ರ ಆ ಹುಡುಗನ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರ. ದುಡ್ಡಿನ ಮಾತು ಆಮೇಲೆ. ನನ್ನ ಎದೆ ಧಸಕ್ಕೆಂದದ್ದು ಆ ಫಲಕದ ಸುದ್ದಿ ಕೇಳಿ. ಒಮ್ಮೆ ಫಲಕ ಬಿದ್ದರೆ ಅದರ ಫೋಟೋ ಬೀಳುತ್ತೆ, ಫೋಟೋ ಮೊಬೈಲಿಂದ ಮೊಬೈಲಿಗೆ ಹೋಗುತ್ತೆ. ಮುಂದಿನ ವರ್ಷ ಯಾರೋ ಒಬ್ಬರು ‘ಕೆ.ಆರ್. ಪುರಂನಲ್ಲಿ ಟೈಟಸ್ ನಾಣ್ಯ ಪತ್ತೆ’ ಅಂತ ಬರೆದೂ ಬಿಡ್ತಾರೆ. ಇಲ್ಲದ ಶಾಸನವನ್ನು ಇದೆ ಅಂತ ಹೇಳೋದಕ್ಕೂ ಇದಕ್ಕೂ ವ್ಯತ್ಯಾಸ ಏನು?

ಹತ್ತಿರದ ಜ್ಯುವೆಲರ್ಸ್ ಸ್ಟ್ರೀಟಿನಲ್ಲಿ ಬೆಳ್ಳಿ ವ್ಯಾಪಾರದ ಹಿರಿಯರೊಬ್ಬರು ನನಗೆ ಗೊತ್ತು. ತಕ್ಕಡಿಗಾಗಿ ಅವರ ಅಂಗಡಿಗೆ ಹೋದೆವು. ನಾಣ್ಯ 17 ಗ್ರಾಂ ತೂಗಿತು. ಅವರು ಅದನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಸವರಿ, ಮರಳಿ ಕೊಟ್ಟರು. “ಹಿತ್ತಾಳೆ ಸಾಮಿ ಇದು. ಕರಗಿಸಿದ್ರೂ ಮೂರು ಕಾಸು ಬರಲ್ಲ. ಇದನ್ನ ಅಷ್ಟು ದೂರದಿಂದ ಹೊತ್ಕೊಂಡು ಯಾರು ಬರ್ತಾರೆ?”

ರೋಮಿಗೂ ದಕ್ಷಿಣ ಭಾರತಕ್ಕೂ ನಡೆದ ವ್ಯಾಪಾರದ ಒಂದು ದೊಡ್ಡ ಸೂತ್ರವನ್ನು ಅವರು ಒಂದೇ ಪ್ರಶ್ನೆಯಲ್ಲಿ ಹೇಳಿಬಿಟ್ಟಿದ್ದರು. ಅಲ್ಲಿಗೆ ಬರೋಣ. ಅದಕ್ಕೂ ಮೊದಲು ಕಟ್ಟಡದ ನಾಣ್ಯ ಅಂದರೆ ಏನು, ಅದನ್ನು ಹೇಗೆ ಓದಬೇಕು ಅನ್ನೋದನ್ನು ನೋಡೋಣ.

ಅಚ್ಚು ಕೆತ್ತುವವನ ಲೆಕ್ಕ

ದಿನಾರಿಯಸ್ ನಮ್ಮ ಹಳೆಯ ಐವತ್ತು ಪೈಸೆ ನಾಣ್ಯಕ್ಕಿಂತ ಚಿಕ್ಕದು. ಅಷ್ಟು ಜಾಗದಲ್ಲಿ ಇಡೀ ದೇಗುಲ ನಿಲ್ಲಿಸಬೇಕು, ಸುತ್ತ ಅಕ್ಷರವೂ ಹಿಡಿಸಬೇಕು. ಹಾಗಾಗಿ ಅಚ್ಚು ಕೆತ್ತುವವನು ಏನನ್ನು ಬಿಡಬೇಕು, ಏನನ್ನು ಇಡಬೇಕು ಅಂತ ಲೆಕ್ಕ ಹಾಕುತ್ತಾನೆ. ಆ ಲೆಕ್ಕ ನಮಗೆ ಗೊತ್ತಾದರೆ ನಾಣ್ಯ ಮಾತಾಡುತ್ತದೆ. ಗೊತ್ತಾಗದಿದ್ದರೆ ದಾರಿ ತಪ್ಪಿಸುತ್ತದೆ.

ಕ್ರಿ.ಪೂ. 78ರಲ್ಲಿ ವೊಲ್ಟೇಯಸ್ ಎಂಬ ಟಂಕಸಾಲೆಯ ಅಧಿಕಾರಿ ಹೊರಡಿಸಿದ ದಿನಾರಿಯಸ್ ನೋಡಿ. ಹಿಂಬದಿಯಲ್ಲಿ ರೋಮಿನ ಕ್ಯಾಪಿಟೋಲ್ ಗುಡ್ಡದ ಜುಪಿಟರ್ ದೇಗುಲ ಇದೆ, ಮುಂಭಾಗದಲ್ಲಿ ನಾಲ್ಕು ಕಂಬ. ನಿಜವಾದ ದೇಗುಲದ ಮುಂಭಾಗದಲ್ಲಿ ಇದ್ದದ್ದು ಆರು. ಕೆತ್ತಿದವನಿಗೆ ಎಣಿಸಲು ಬರುತ್ತಿರಲಿಲ್ಲ ಅಂತಲ್ಲ. ನಾಲ್ಕಕ್ಕೆ ಇಳಿಸಿದರೆ ಬಾಗಿಲುಗಳು ಕಾಣುತ್ತವೆ, ಛಾವಣಿಯ ಅಂದ ಕಾಣುತ್ತದೆ. ಇನ್ನೂ ಒಂದು ವಿಶೇಷ: ಆ ದೇಗುಲ ಕ್ರಿ.ಪೂ. 83ರಲ್ಲೇ ಬೆಂಕಿಗೆ ಸುಟ್ಟುಹೋಗಿತ್ತು, ಮತ್ತೆ ಪ್ರತಿಷ್ಠೆಯಾದದ್ದು 69ರಲ್ಲಿ. ಅಂದರೆ ನಾಣ್ಯ ಟಂಕಿಸಿದ ವರ್ಷ ಗುಡ್ಡದ ಮೇಲೆ ಅಂಥ ದೇಗುಲ ಪೂರ್ತಿಯಾಗಿ ನಿಂತೇ ಇರಲಿಲ್ಲ. ನಾಣ್ಯ ಹೇಳುತ್ತಿರುವುದು ‘ಇದೆ’ ಅಂತಲ್ಲ, ‘ಕಟ್ಟುತ್ತೇವೆ’ ಅಂತ.

ಆಗಸ್ಟಸ್ ಕಾಲದ ಒಂದು ಉದಾಹರಣೆ ಇನ್ನೂ ಸೊಗಸಾಗಿದೆ. ಕ್ರಿ.ಪೂ. 19–18ರ ಸುಮಾರಿಗೆ ಸ್ಪೇನಿನ ಟಂಕಸಾಲೆಗಳಲ್ಲಿ ಹೊಡೆದ ನಾಣ್ಯಗಳಲ್ಲಿ ಸೇಡು ತೀರಿಸುವ ಮಾರ್ಸ್ ದೇವರ ಗುಡಿ ದುಂಡಗಿದೆ. ‘ಮಾರ್ ಉಲ್ಟ್’ ಎಂಬ ಮೊಟಕು ಬರಹವೂ ಇದೆ. ಆದರೆ ಕ್ರಿ.ಪೂ. 2ರಲ್ಲಿ ಆಗಸ್ಟಸ್ ತನ್ನ ಫೋರಂನಲ್ಲಿ ಪ್ರತಿಷ್ಠೆ ಮಾಡಿಸಿದ ಮಾರ್ಸ್ ದೇಗುಲ ಚೌಕಾಕಾರದ್ದು, ಮುಂಭಾಗದಲ್ಲಿ ಎಂಟು ಕಂಬ. ಅದರ ಅವಶೇಷ ಇವತ್ತೂ ಇದೆ. ಹಾಗಾದರೆ ದುಂಡನೆಯ ಗುಡಿ ಎಲ್ಲಿ? ಅದು ಕ್ಯಾಪಿಟೋಲ್ ಮೇಲೆ ಕಟ್ಟಿದ ಬೇರೊಂದು ಚಿಕ್ಕ ಗುಡಿಯೋ, ಬರೀ ಸಂಕಲ್ಪವಾಗಿಯೇ ಉಳಿದದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ.

ಇನ್ನು ಕೆಲವು ಕಟ್ಟಡಗಳ ರೂಪ ನಮಗೆ ಸಿಗುವುದೇ ನಾಣ್ಯದಲ್ಲಿ. ಆಗಸ್ಟಸ್‌ನ ಹತ್ತಿರವೇ ಸಿಡಿಲು ಬಡಿದು, ಪಂಜು ಹಿಡಿದಿದ್ದ ಆಳು ಸತ್ತು, ಅವನು ಬದುಕಿದ ನೆನಪಿಗೆ ಕ್ರಿ.ಪೂ. 22ರಲ್ಲಿ ಗುಡುಗುವ ಜುಪಿಟರ್‌ನ ದೇಗುಲ ಪ್ರತಿಷ್ಠೆಯಾಯಿತು. ‘ಇಯೋವ್ ಟೋನ್’ ಎಂಬ ಬರಹದ ನಾಣ್ಯದಲ್ಲಿ ಆರು ಕಂಬದ ಆ ಗುಡಿ ಕಾಣುತ್ತದೆ. ರೋಮಿನ ಫೋರಂನಲ್ಲಿ ಉಳಿದ ಮೂರು ಕಂಬಗಳನ್ನು ಬಹಳ ಕಾಲ ಇದೇ ದೇಗುಲ ಎಂದುಕೊಂಡಿದ್ದರು. ನಿಜಕ್ಕೂ ಅವು ವೆಸ್ಪಾಸಿಯನ್ ಚಕ್ರವರ್ತಿಯ ದೇಗುಲದವು. ಕಂಬಗಳ ಮೇಲಿನ ತೊಲೆಯಲ್ಲಿ ಉಳಿದದ್ದು ‘ಎಸ್ಟಿಟುಎರ್’ ಎಂಬ ಕೆಲವೇ ಅಕ್ಷರ, ‘ಜೀರ್ಣೋದ್ಧಾರ ಮಾಡಿದರು’ ಎಂಬ ಪದದ ತುಣುಕು. ಆ ಶಾಸನದ ಪೂರ್ತಿ ಪಾಠ ಉಳಿದಿರುವುದು ಮಧ್ಯಯುಗದ ಯಾತ್ರಿಕನೊಬ್ಬನ ನಕಲಿನಲ್ಲಿ. ಸ್ವಿಟ್ಜರ್‌ಲೆಂಡಿನ ಐನ್‌ಸೀಡೆಲ್ನ್ ಮಠ ಆ ಹಸ್ತಪ್ರತಿಯನ್ನು ಕಾಪಾಡಿಕೊಂಡು ಬಂದಿದೆ. ಯಾರೋ ಒಬ್ಬ ದಾರಿಹೋಕ ನಿಂತು ಅಕ್ಷರ ಬರೆದುಕೊಂಡ. ಸಾವಿರ ವರ್ಷದ ಮೇಲೂ ದೇಗುಲಕ್ಕೆ ಅದರ ಹೆಸರು ಸಿಕ್ಕಿತು. ನಮ್ಮ ಬಿ.ಎಲ್. ರೈಸ್ ಅವರ ಬೆಂಗಳೂರು ಸಂಪುಟದಲ್ಲಿ ಮಾತ್ರ ಉಳಿದಿರುವ ಎಷ್ಟೋ ಕಲ್ಲುಗಳ ನೆನಪು ಬರುತ್ತೆ, ಅಲ್ವೇ?

ಎಲ್ಲ ಒಟ್ಟಿಗೆ ಸಿಗುವ ಅಪರೂಪದ ಉದಾಹರಣೆಯೂ ಇದೆ. ಕ್ರಿ.ಶ. 141ರ ಸುಮಾರಿಗೆ ತೀರಿಕೊಂಡ ರಾಣಿ ಫೌಸ್ಟಿನಾಳಿಗೆ ಗಂಡ ಆಂಟೊನೈನಸ್ ಪಯಸ್ ದೇಗುಲ ಕಟ್ಟಿಸಿದ. ಅವಳ ನಾಣ್ಯದಲ್ಲಿ ಆರು ಕಂಬದ ದೇಗುಲ, ಸುತ್ತ ‘ಏಡ್ ಡಿವ್ ಫೌಸ್ಟಿನೇ’, ಅಂದರೆ ದೈವತ್ವ ಪಡೆದ ಫೌಸ್ಟಿನಾಳ ಗುಡಿ. ಆ ಗುಡಿ ಇವತ್ತೂ ಫೋರಂನಲ್ಲಿ ಚರ್ಚಾಗಿ ನಿಂತಿದೆ. ಎಣಿಸಿದರೆ ಮುಂದೆ ಆರೇ ಕಂಬ. ತೊಲೆಯ ಮೇಲೆ ಶಾಸನವೂ ಇದೆ: ಮೊದಲು ಬರೆದ ಸಾಲು ರಾಣಿಯದು, 161ರಲ್ಲಿ ಅವನೂ ತೀರಿಕೊಂಡ ಮೇಲೆ ಅವನ ಹೆಸರನ್ನು ಮೇಲಿನ ಸಾಲಿನಲ್ಲಿ ಸೇರಿಸಿದರು. ನಾಣ್ಯ, ಶಾಸನ, ಕಟ್ಟಡ ಮೂರೂ ಒಂದಕ್ಕೊಂದು ಸಾಕ್ಷಿ. ಇಂಥದ್ದು ಸಿಕ್ಕರೆ ನನ್ನಂಥವರಿಗೆ ಹಬ್ಬ.

ಕೊಲೋಸಿಯಂ ನಾಣ್ಯಕ್ಕೆ ಬಂದರೆ, ಅದು ಕ್ರಿ.ಶ. 80–81ರಲ್ಲಿ ಟೈಟಸ್ ಹೊರಡಿಸಿದ್ದು. ಜಾತಿ ‘ಸೆಸ್ಟರ್ಶಿಯಸ್’: ಹಿತ್ತಾಳೆಯ ದೊಡ್ಡ ನಾಣ್ಯ, ಸುಮಾರು 25 ಗ್ರಾಂ. ಒಂದು ಬದಿಯಲ್ಲಿ ಆಯುಧಗಳ ನಡುವೆ ಕುಳಿತ ಚಕ್ರವರ್ತಿ. ಇನ್ನೊಂದು ಬದಿಯಲ್ಲಿ ಕೊಲೋಸಿಯಂ, ಹೊರಗೋಡೆಯ ಕಮಾನುಗಳ ಸಾಲೂ ಒಳಗಿನ ಜನಸಂದಣಿಯೂ ಒಟ್ಟಿಗೇ ಕಾಣುವಂತೆ. ನೆಲದಲ್ಲಿ ನಿಂತವನಿಗೆ ಹಾಗೆ ಕಾಣಲು ಸಾಧ್ಯವೇ ಇಲ್ಲ. ಕೆತ್ತಿದವನು ಕಟ್ಟಡವನ್ನು ನಮ್ಮ ಕಡೆ ಬಗ್ಗಿಸಿ, ಬಟ್ಟಲೊಳಗೆ ಏನಿದೆ ಅಂತ ತೋರಿಸಿದ್ದಾನೆ. ಜನ ಅಂದರೆ ಬರೀ ಚುಕ್ಕೆಗಳು. ಪಕ್ಕದಲ್ಲಿ ‘ಮೇಟಾ ಸುಡಾನ್ಸ್’ ಎಂಬ ಕಾರಂಜಿಯೂ ಇದೆ. ಕೊಲೋಸಿಯಂ ಪಕ್ಕ 1936ರವರೆಗೆ ಉಳಿದಿದ್ದ ಅದರ ಮೋಟನ್ನು ಮುಸೊಲಿನಿ ಕಾಲದಲ್ಲಿ ಕೆಡವಿದರು.

ನಮ್ಮ ಕಲ್ಲುಗಳ ಮೇಲಿನ ಗುಡಿ

ಇಷ್ಟು ಹೇಳಿದ ಮೇಲೆ ಶಾಸನ ಓದುವವರಿಗೆ ಒಂದು ವಿಷಯ ಹೊಳೆದೇ ಇರುತ್ತೆ. ಇದು ನಮಗೆ ಹೊಸದಲ್ಲ.

ಬಳ್ಳಿಗಾವೆಯ ಶಾಸನಗಳ ನೆತ್ತಿಯನ್ನು ನೆನೆಸಿಕೊಳ್ಳಿ. ಮೇಲೆ ಸೂರ್ಯ ಚಂದ್ರ, ಒಂದು ಪಕ್ಕ ಹಸು ಕರು, ನಡುವೆ ಚಿಕ್ಕ ಗುಡಿ, ಗುಡಿಯೊಳಗೆ ಲಿಂಗ, ಪೂಜಿಸುತ್ತಿರುವ ಯತಿ. ಅಲ್ಲಿ ಕಂಬ ಎಷ್ಟು? ಎರಡೇ. ಗೋಡೆ ಇಲ್ಲ, ಬಾಗಿಲಿಲ್ಲ, ನವರಂಗ ಇಲ್ಲ. ಗರ್ಭಗುಡಿಯ ಲಿಂಗ ಹೊರಗೆ ನಿಂತವನಿಗೆ ನೇರ ಕಾಣುತ್ತದೆ. ಇದನ್ನು ನೋಡಿ ‘ಈ ಊರಲ್ಲಿ ಎರಡು ಕಂಬದ, ಗೋಡೆಯಿಲ್ಲದ ಗುಡಿ ಇತ್ತು’ ಅಂತ ನಾವ್ಯಾರೂ ಬರೆಯೋದಿಲ್ಲ. ದತ್ತಿ ಬಿಟ್ಟದ್ದು ಶಿವನಿಗೆ, ಅದು ಸೂರ್ಯಚಂದ್ರರು ಇರುವ ತನಕ ನಡೆಯಲಿ ಅಂತ ಆ ಚಿತ್ರ ಹೇಳುತ್ತೆ. ಅಕ್ಷರ ಬಾರದವನಿಗೂ ಶಾಸನದ ಸಾರ ಗೊತ್ತಾಗುತ್ತೆ. ವೀರಗಲ್ಲಿನ ಮೇಲಿನ ಅಂಕಣದ ಕೈಲಾಸವೂ ಹಾಗೇ.

ರೋಮಿನ ಅಚ್ಚಿನವನು ಮಾಡಿದ್ದೂ ಇದನ್ನೇ. ದೇಗುಲದ ನಡುಗಂಬಗಳನ್ನು ಪಕ್ಕಕ್ಕೆ ಸರಿಸಿ, ಒಳಗಿರುವ ದೇವರನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಸುಮಾರು ಸಾವಿರ ವರ್ಷ, ಎರಡು ಸಮುದ್ರ ನಡುವೆ ಇದ್ದರೂ ಚಿಕ್ಕ ಜಾಗದಲ್ಲಿ ದೊಡ್ಡ ಗುಡಿ ತೋರಿಸುವ ಕಷ್ಟ ಒಂದೇ, ಉಪಾಯವೂ ಒಂದೇ. ಹಾಗಾಗಿ ಕಟ್ಟಡದ ನಾಣ್ಯವನ್ನು ಫೋಟೋ ಅಂತ ನೋಡಬೇಡಿ. ಶಾಸನದ ನೆತ್ತಿ ಅಂತ ಓದಿ. ಅದು ಒಂದು ಘೋಷಣೆ.

ನಮ್ಮ ನಾಣ್ಯಗಳಲ್ಲೂ ಈ ಎಚ್ಚರ ಬೇಕು. ಬನವಾಸಿ, ಕಾರವಾರ ಕಡೆಯ ಚುಟುಗಳ ಸೀಸದ ನಾಣ್ಯಗಳಲ್ಲಿ ಕಟಕಟೆಯೊಳಗೆ ಮರ ಇದೆ. ಆ ಕಟಕಟೆ ನಿಜವಾದ ಕಟ್ಟೋಣದ ಭಾಗ. ಸಾಂಚಿಗೋ ಸನ್ನತಿಗೋ ಹೋದವರಿಗೆ ಅದರ ಕಲ್ಲಿನ ರೂಪ ಗೊತ್ತು. ಇನ್ನೊಂದು ಬದಿಯಲ್ಲಿ ಕಮಾನುಗಳನ್ನು ಒಂದರ ಮೇಲೊಂದು ಪೇರಿಸಿದಂಥ ಗುರುತು. ಹಳೆಯ ನಾಣ್ಯಶಾಸ್ತ್ರಜ್ಞರು ಅದನ್ನು ‘ಚೈತ್ಯ’ ಅಂತ ಕರೆದರು, ಅಂದರೆ ಕಟ್ಟಡ ಅಂತ. ಆಮೇಲಿನವರು ಅಲ್ಲ, ಅದು ಬೆಟ್ಟ ಅಂದರು. ಒಂದೇ ಚಿತ್ರ, ಒಬ್ಬರಿಗೆ ಗುಡಿ, ಇನ್ನೊಬ್ಬರಿಗೆ ಗುಡ್ಡ. ರೋಮನ್ ನಾಣ್ಯದಲ್ಲಿ ಎಷ್ಟೋ ಸಲ ಅಕ್ಷರವೇ ಕಟ್ಟಡದ ಹೆಸರು ಹೇಳಿಬಿಡುತ್ತೆ. ನಮ್ಮಲ್ಲಿ ಅಕ್ಷರ ರಾಜನ ಹೆಸರು ಹೇಳುತ್ತೆ, ಚಿತ್ರದ ಹೆಸರು ಹೇಳೋದಿಲ್ಲ.

ದಕ್ಷಿಣದಲ್ಲಿ ನಿಸ್ಸಂದೇಹವಾಗಿ ಕಟ್ಟಡವೇ ಆಗಿರುವ ಚಿತ್ರ ಬೇಕಾದರೆ ಕಂಪನಿ ಸರ್ಕಾರದ ಕಾಲಕ್ಕೆ ಬನ್ನಿ. ಮದರಾಸಿನ ಟಂಕಸಾಲೆ 1807ರ ನಂತರ ಹೊರಡಿಸಿದ ಬೆಳ್ಳಿಯ ಅರ್ಧ ಪಗೋಡದಲ್ಲಿ ನಕ್ಷತ್ರಗಳ ನಡುವೆ ಎತ್ತರದ ಗೋಪುರ ಇದೆ. ಹಿಂಬದಿಯಲ್ಲಿ ವಿಷ್ಣು, ಸುತ್ತ ತಮಿಳು ಮತ್ತು ತೆಲುಗು ಬರಹ. ಮದರಾಸು ಸೇನೆ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿನ ದಂಡಿಗೆ ಬಂದದ್ದು 1809ರಲ್ಲಿ. ಕಮರ್ಷಿಯಲ್ ಸ್ಟ್ರೀಟ್ ಬೆಳೆದದ್ದು ಆ ದಂಡಿನ ಪೇಟೆಯಾಗಿ. ಕಂಟೋನ್ಮೆಂಟಿನಲ್ಲಿ ಕೂತು ಕಟ್ಟಡದ ನಾಣ್ಯ ಕೂಡಿಸಬೇಕು ಅನ್ನುವವರಿಗೆ ಇದಕ್ಕಿಂತ ಹತ್ತಿರದ ಗೋಪುರ ಬೇಕೇ?

ಚಿತ್ರವನ್ನು ನಂಬುವ ಮೊದಲು ನಿಲ್ಲಬೇಕು ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ‘ಪ್ಯೂಟಿಂಗರ್ ನಕ್ಷೆ’ ಎಂಬುದು ರೋಮನ್ ದಾರಿಗಳ ನಕ್ಷೆಯ ಮಧ್ಯಯುಗದ ಪ್ರತಿ. ಅದರಲ್ಲಿ ಕೇರಳದ ಮುಜಿರಿಸ್ ಬಂದರಿನ ಪಕ್ಕದಲ್ಲೇ ಚಿಕ್ಕ ಕಟ್ಟಡವೊಂದನ್ನು ಬರೆದು ‘ಆಗಸ್ಟಸ್ ದೇಗುಲ’ ಅಂತ ಗುರುತು ಹಾಕಿದ್ದಾರೆ. ರೋಮನ್ ವರ್ತಕರು ಅಲ್ಲಿ ಗುಡಿ ಕಟ್ಟಿಕೊಂಡಿದ್ದರೇ? ಇರಬಹುದು. ಆದರೆ ಅಂಥ ಗುಡಿಯ ಒಂದು ಅಡಿಪಾಯವೂ ನೆಲದಲ್ಲಿ ಸಿಕ್ಕಿಲ್ಲ.

ಏನು ಬಂತು, ಏನು ಬರಲಿಲ್ಲ

ಈಗ ಜ್ಯುವೆಲರ್ಸ್ ಸ್ಟ್ರೀಟಿನ ಹಿರಿಯರ ಪ್ರಶ್ನೆ: ಹಿತ್ತಾಳೆಯನ್ನು ಅಷ್ಟು ದೂರದಿಂದ ಯಾರು ಹೊತ್ತು ತರುತ್ತಾರೆ?

ದಕ್ಷಿಣ ಭಾರತದ ನಿಧಿಗಳಲ್ಲಿ ಸಿಗುವ ದಿನಾರಿಯಸ್‌ಗಳಲ್ಲಿ ಎರಡು ಬಗೆಯವೇ ಹೆಚ್ಚು. ಒಂದು ಆಗಸ್ಟಸ್‌ನದು. ಅದರ ಹಿಂಬದಿಯಲ್ಲಿ ಅವನ ದತ್ತುಮಕ್ಕಳಾದ ಗೇಯಸ್ ಮತ್ತು ಲೂಸಿಯಸ್, ನಡುವೆ ಗುರಾಣಿ ಭರ್ಜಿಗಳು. ಇನ್ನೊಂದು ಟೈಬೀರಿಯಸ್‌ನದು, ಹಿಂಬದಿಯಲ್ಲಿ ಕುರ್ಚಿಯ ಮೇಲೆ ಕುಳಿತ ಹೆಂಗಸು. ಎರಡರಲ್ಲೂ ಕಟ್ಟಡ ಇಲ್ಲ. ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿ, ಮಯೂರಶರ್ಮನ ಶಾಸನ ಇರುವ ಅದೇ ಕಣಿವೆಯಲ್ಲಿ, ಸಿಕ್ಕವೂ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳೇ.

ಇವೇ ಯಾಕೆ? ಬೆಳ್ಳಿ ಚೆನ್ನಾಗಿತ್ತು, ಅದಕ್ಕೆ. ಕ್ರಿ.ಶ. 64ರಲ್ಲಿ ನೀರೋ ದಿನಾರಿಯಸ್‌ನ ತೂಕವನ್ನೂ ಅಪ್ಪಟತನವನ್ನೂ ಇಳಿಸಿದ. ಒಂದು ರೋಮನ್ ಪೌಂಡಿಗೆ 84 ನಾಣ್ಯ ಬರುತ್ತಿದ್ದಲ್ಲಿ 96 ಬರತೊಡಗಿದವು. ನಮ್ಮ ಕಡೆಯ ವ್ಯಾಪಾರಿಗಳು ಹಳೆಯ ಒಳ್ಳೆಯ ಬೆಳ್ಳಿಯನ್ನೇ ಆರಿಸಿಕೊಂಡರು ಅನ್ನೋದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ. ಇವರಿಗೆ ಬೇಕಾಗಿದ್ದದ್ದು ಲೋಹ, ಚಿತ್ರವಲ್ಲ. 1898ರಲ್ಲಿ ಪುದುಕೋಟೆ ಸಂಸ್ಥಾನದಲ್ಲಿ ಸಿಕ್ಕ 501 ಚಿನ್ನದ ರೋಮನ್ ನಾಣ್ಯಗಳಲ್ಲಿ ಬಹುಪಾಲಿಗೆ ಚಕ್ರವರ್ತಿಯ ಮುಖದ ಮೇಲೇ ಉಳಿಯ ಗಾಯ ಇದೆ. ಟೈಬೀರಿಯಸ್ ಆದರೇನು, ನೀರೋ ಆದರೇನು, ಇಲ್ಲಿ ಅವನೊಂದು ತೂಕ.

ಕಟ್ಟಡದ ಚಿತ್ರಗಳು ವಿವರವಾಗಿ ಬರುವುದು ದೊಡ್ಡ ಹಿತ್ತಾಳೆ ನಾಣ್ಯಗಳಲ್ಲಿ. ಕೊಲೋಸಿಯಂ, ನೀರೋನ ಓಸ್ಟಿಯಾ ಬಂದರು, ಇವೆಲ್ಲ ಅಲ್ಲಿಯವು. ಅವು ರೋಮಿನ ಜನರ ದಿನಬಳಕೆಯ ಚಿಲ್ಲರೆ. ನೋಡಬೇಕಾದವರು ಅವರು: ‘ನಿಮ್ಮ ಚಕ್ರವರ್ತಿ ಏನು ಕಟ್ಟಿಸಿದ ನೋಡಿ’ ಅನ್ನುವ ಮಾತು ಅವರಿಗೆ. ಹಡಗಿಗೆ ತುಂಬಿದ್ದು ಬೆಳ್ಳಿ, ಚಿನ್ನ. ನಾಲ್ಕು, ಐದನೆಯ ಶತಮಾನದ ಸಣ್ಣ ತಾಮ್ರದ ರೋಮನ್ ನಾಣ್ಯಗಳು ತಮಿಳುನಾಡಿನಲ್ಲೂ ಶ್ರೀಲಂಕಾದಲ್ಲೂ ರಾಶಿಯಾಗಿ ಸಿಗುತ್ತವೆ, ನಿಜ. ಆದರೆ ಅದು ಬೇರೆ ಕಾಲ, ಬೇರೆ ಕತೆ. ಟೈಟಸ್‌ನ ದಪ್ಪ ಹಿತ್ತಾಳೆ ಕೆ.ಆರ್. ಪುರಂಗೆ ಬರುವ ದಾರಿ ಅದಲ್ಲ.

ಹಾಗಾದರೆ ರೋಮಿನ ಹಣ ನಮ್ಮ ಕಟ್ಟಡಗಳಿಗೆ ಏನೂ ಸಂಬಂಧ ಇಲ್ಲವೇ? ಇದೆ, ಅದೂ ಶಾಸನದಲ್ಲೇ ಇದೆ. ದಿನಾರಿಯಸ್ ಎಂಬ ಪದ ನಮ್ಮಲ್ಲಿ ‘ದೀನಾರ’ವಾಯಿತು. ಸಾಂಚಿಯ ಗುಪ್ತರ ಕಾಲದ ಶಾಸನದಲ್ಲಿ ದೀನಾರಗಳ ದತ್ತಿ ಇದೆ. ಅದಕ್ಕೂ ಮೊದಲು, ಕೃಷ್ಣಾ ತೀರದ ನಾಗಾರ್ಜುನಕೊಂಡದಲ್ಲಿ ಇಕ್ಷ್ವಾಕು ಅರಸರ ಕಾಲದ ಒಂದು ಕಂಬದ ಶಾಸನ ‘ದೀನಾರಿ ಮಾಷಕ’ಗಳ ದಾನವನ್ನು ಹೇಳುತ್ತದೆ, ದಾನಿ ಉಜ್ಜಯಿನಿಯಿಂದ ಬಂದ ರಾಣಿ. ರೋಮಿನಲ್ಲಿ ದೇಗುಲದ ಕಂಬ ನಾಣ್ಯದ ಮೇಲೆ ಬಂತು. ನಮ್ಮಲ್ಲಿ ನಾಣ್ಯದ ಹೆಸರು ಕಂಬದ ಮೇಲೆ ಬಂತು.

ಸಿಕ್ಕ ಜಾಗವೇ ಅರ್ಧ ಶಾಸನ

ಹುಡುಗನ ನಾಣ್ಯದ ತೂಕ 17 ಗ್ರಾಂ, ಇರಬೇಕಾದದ್ದು 25ರ ಹತ್ತಿರ. ಅಂಚಿನ ಸುತ್ತ ಸಣ್ಣ ಗೆರೆ ಓಡಿತ್ತು. ಎರಡು ಅರ್ಧದ ಅಚ್ಚಿನಲ್ಲಿ ಲೋಹ ಹೊಯ್ದ ಗುರುತು ಅದು. ರೋಮಿನವರು ಇಂಥ ನಾಣ್ಯವನ್ನು ಹೊಯ್ಯುತ್ತಿರಲಿಲ್ಲ, ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಕ್ಷರಗಳ ಅಂಚು ಸೋಪಿನ ಮೇಲೆ ಬರೆದ ಹಾಗೆ ಮೆತ್ತಗಿತ್ತು. ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಗುಳಿಗಳು ಕಂಡವು. ನಿಜವಾದ ಕೊಲೋಸಿಯಂ ನಾಣ್ಯ ಬಹಳ ವಿರಳ, ಹರಾಜಿನಲ್ಲಿ ಲಕ್ಷಗಟ್ಟಲೆ ಪೌಂಡ್ ತರುವಂಥದ್ದು. ಇಂಥ ನಾಣ್ಯಗಳ ನಕಲು ಇವತ್ತಿನದೂ ಅಲ್ಲ. ಹದಿನಾರನೆಯ ಶತಮಾನದಲ್ಲೇ ಇಟಲಿಯ ಪಡುವಾ ಊರಿನ ಜೊವಾನ್ನಿ ದ ಕಾವಿನೋ ರೋಮನ್ ಸೆಸ್ಟರ್ಶಿಯಸ್‌ಗಳನ್ನು ಎಷ್ಟು ಚೆನ್ನಾಗಿ ಅನುಕರಿಸಿದ ಅಂದರೆ, ಅವನ ನಕಲುಗಳನ್ನೇ ಇವತ್ತು ಬೆಲೆ ಕೊಟ್ಟು ಕೂಡಿಸುವವರಿದ್ದಾರೆ.

ಇದನ್ನೆಲ್ಲ ಒಂದೊಂದಾಗಿ ತೋರಿಸಿದೆ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: “ಸಾರ್, ನಿಜದ್ದೇ ಆಗಿದ್ದಿದ್ರೆ ಫಲಕ ಹಾಕಬಹುದಿತ್ತಾ?”

ಆ ಪ್ರಶ್ನೆಗಾಗಿ ಅವನ ಮೇಲೆ ನನಗೆ ಗೌರವ ಬಂತು. ಉತ್ತರ, ಇಲ್ಲ. ಅಸಲಿ ನಾಣ್ಯವೇ ಇರಲಿ, ಅದು ಕೆ.ಆರ್. ಪುರಂನಲ್ಲಿ ಸಿಕ್ಕಿತು ಎನ್ನಲು ಬರೀ ಒಬ್ಬನ ಬಾಯಿಮಾತು ಸಾಲದು. ಯಾವ ಪಾಯ, ಎಷ್ಟು ಆಳ, ಜೊತೆಗೆ ಏನಿತ್ತು, ಮಡಕೆಯಲ್ಲಿತ್ತೇ, ನೋಡಿದವರು ಯಾರು? ಯಶವಂತಪುರದ 163, ಎಚ್.ಎ.ಎಲ್.ನ 256 ನಾಣ್ಯಗಳು ಬೆಂಗಳೂರಿನ ಇತಿಹಾಸ ಆದದ್ದು ಅವು ರೋಮನ್ ಅಂತಲ್ಲ, ಸಿಕ್ಕ ಜಾಗ ದಾಖಲಾಯಿತು ಅಂತ. ಬಿಡಿ ದಿನಾರಿಯಸ್ ಅನ್ನು ಜಗತ್ತಿನ ಯಾವ ಊರಲ್ಲಾದರೂ ಕೊಳ್ಳಬಹುದು, ಅದು ಆ ಊರಿನ ಇತಿಹಾಸ ಆಗೋದಿಲ್ಲ. ಹೊಲದಿಂದ ಕಿತ್ತು ತಂದು ಬಂಗಲೆಯ ತೋಟದಲ್ಲಿ ನೆಟ್ಟ ವೀರಗಲ್ಲನ್ನು ನಾವೆಲ್ಲ ನೋಡಿದ್ದೇವೆ. ಅಕ್ಷರ ಪೂರ್ತಿ ಇದ್ದರೂ ಅದು ಯಾವ ಊರಿನ ತುರುಗೋಳು, ಯಾವ ಕೆರೆಯ ಏರಿ, ಹೇಳುವವರಿಲ್ಲ.

ಅದಕ್ಕೇ ಕಾನೂನೂ ಇದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಎಂಬ ನಿಯಮ 1878ರ ನಿಧಿ ಕಾಯ್ದೆಯಿಂದ ಬಂದದ್ದು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ‘ಪಾಯದಲ್ಲಿ ಸಿಕ್ಕಿದ್ದು’ ಅಂತ ಹೇಳಿ ಮಾರುವವನ ಮಾತು ಸುಳ್ಳಾದರೆ ಮೋಸ, ನಿಜವಾದರೆ ಅಪರಾಧ. ಎರಡರಲ್ಲಿ ಯಾವುದಾದರೂ ಕೊಳ್ಳುವವನಿಗೆ ಲಾಭವಿಲ್ಲ.

ಕಟ್ಟಡದ ನಾಣ್ಯಗಳನ್ನು ಕೂಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಕೂಡಿಸಿ. ಎಲ್ಲಿಂದ ಬಂತು ಎಂಬ ಕಾಗದ ಇರುವುದನ್ನೇ ಕೊಳ್ಳಿ. ತೂಕ, ಅಳತೆ, ಎರಡೂ ಬದಿಯ ಬರಹ, ಕಂಬಗಳ ಸಂಖ್ಯೆ ಬರೆದಿಡಿ. ಆ ಕಟ್ಟಡ ಇವತ್ತು ಇದೆಯೇ, ಇದ್ದರೆ ಕಂಬ ಎಷ್ಟು, ಅದರ ಶಾಸನ ಏನು ಹೇಳುತ್ತದೆ ಅಂತ ಪಕ್ಕದಲ್ಲಿಟ್ಟು ನೋಡಿ. ಫೌಸ್ಟಿನಾಳ ಒಂದು ಸವೆದ ದಿನಾರಿಯಸ್‌ನಿಂದ ಕಲಿಯುವುದು ಹೊಳೆಯುವ ಹತ್ತು ಕೊಲೋಸಿಯಂಗಳಿಂದ ಕಲಿಯುವುದಕ್ಕಿಂತ ಹೆಚ್ಚು. ಹುಡುಗ ಹಳೆಯ ಫಲಕ ತೆಗೆಸಿ, ಎಚ್.ಎ.ಎಲ್. ನಿಧಿಯ ಬಗ್ಗೆ ಹೊಸದು ಬರೆಸಿದ್ದಾನೆ. ನಕಲು ನಾಣ್ಯವನ್ನೂ ಪಕ್ಕದಲ್ಲಿ ಇಟ್ಟಿದ್ದಾನೆ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ನಕಲು, 17 ಗ್ರಾಂ’ ಅಂತ.

ಕೊನೆಗೆ ಒಂದು ಕೋರಿಕೆ. ಎಚ್.ಎ.ಎಲ್., ಮಾರತ್ತಹಳ್ಳಿ, ವಿಭೂತಿಪುರ, ಕೆ.ಆರ್. ಪುರಂ ಕಡೆಯ ಹಳೆಯ ಮನೆತನಗಳಲ್ಲಿ ಅಜ್ಜಿಯ ಸರದಲ್ಲಿ ಪೋಣಿಸಿದ, ತೂತು ಮಾಡಿದ, ಪರದೇಶಿ ಮುಖದ ಬೆಳ್ಳಿ ಬಿಲ್ಲೆ ಏನಾದರೂ ಇದ್ದರೆ, ಅದನ್ನು ಕರಗಿಸಲು ಕೊಡುವ ಮುಂಚೆ ಎರಡೂ ಬದಿಯ ಫೋಟೋ ತೆಗೆಯಿರಿ, ತೂಕ ನೋಡಿ. ಅದು ಮನೆಗೆ ಹೇಗೆ ಬಂತು ಅಂತ ಹಿರಿಯರು ಹೇಳುವುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅದರ ಮೇಲೆ ಕಟ್ಟಡ ಇರಲಿಕ್ಕಿಲ್ಲ. ಗುರಾಣಿ ಹಿಡಿದ ಇಬ್ಬರು ಹುಡುಗರೋ, ಕುರ್ಚಿಯ ಮೇಲೆ ಕುಳಿತ ಹೆಂಗಸೋ ಇದ್ದರೆ, ನಮ್ಮೂರಿಗೆ ನಿಜವಾಗಿ ಬಂದ ರೋಮ್ ಅದೇ.